ಸಮ್ಮೇಳನದ ಠರಾವು ಬರೆಯೋದು ಹೆಂಗ? ಸುವಾರ್ತೆ, ಪ್ರಕಾಶನ, ಧರ್ಮ ಸ್ವಾತಂತ್ರ್ಯ, ಊಟ

ಠರಾವು_ಬುಕ್ (ಹುಬ್ಬಳ್ಳಿ)

ನಮ್ಮದು ಶನಿವಾರ ಸಬ್ಬತ್ (ಶುಕ್ರವಾರ ಸೂರ್ಯ ಮುಳುಗಿದಾಗಿಂದ ಶನಿವಾರ ಮುಳುಗೋ ತನಕ ವಿಶ್ರಾಂತಿ ದಿನ) ಆಚರಿಸೋ ಅಡ್ವೆಂಟಿಸ್ಟ್ ಕ್ರೈಸ್ತ ಸಭೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸಭೆಗಳು ಕೂಡಿ ಧಾರವಾಡದಾಗ ಗುರುವಾರದಿಂದ ರವಿವಾರದ ತನಕ ಸಮ್ಮೇಳನ ಇಟ್ಟಾವ. ಅಂದಾಜು 250 ಮಂದಿ. ಕರಡು ಠರಾವು ಹಿಂಗದಾವ: "ಈ ವರ್ಷ ಮೂರು ಜಿಲ್ಲೆಯಲ್ಲಿ 100 ಆತ್ಮಗಳನ್ನು ಗೆಲ್ಲಬೇಕು, ಅದಕ್ಕಾಗಿ ಉಚಿತ ಟ್ಯೂಷನ್ ಮತ್ತು ಆರೋಗ್ಯ ಶಿಬಿರ ನಡೆಸಬೇಕು." "36 ಪುಟದ ಪುಸ್ತಿಕೆ 1,000 ಪ್ರತಿ ಮತ್ತು ಒಂದು ಮಾಸಪತ್ರಿಕೆ ತರಬೇಕು." "ಧಾರ್ಮಿಕ ಸ್ವಾತಂತ್ರ್ಯ ಕಾಪಾಡಬೇಕು." "ಎಲ್ಲ ಸದಸ್ಯರೂ ಸಸ್ಯಾಹಾರಿಗಳಾಗಬೇಕು."

ಎಲ್ಲಿ ತಪ್ಪೈತಿ ಹೇಳ್ರಿ. ಜೊತಿಗೆ, ಶನಿವಾರ ಮಧ್ಯಾಹ್ನದ ಊಟಕ್ಕ ಒಲಿ ಹಚ್ಚಂಗಿಲ್ಲ. ಏನು ಮಾಡಬೇಕು?

ಕೋರ್ಟ್_ಸರ್ಕಲ್

ಮೊದಲನೇ ಠರಾವು ಇದ್ದ ಹಾಗೇ ನಡಾವಳಿ ಪುಸ್ತಕಕ್ಕೆ ಹೋಗಬಾರದು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ 'ಆಮಿಷ'ದ ವ್ಯಾಖ್ಯೆ ಬಹಳ ಅಗಲ. ಉಡುಗೊರೆ, ಹಣ, ನೌಕರಿಯಷ್ಟೇ ಅಲ್ಲ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಒಳ್ಳೆಯ ಜೀವನಮಟ್ಟದ ಭರವಸೆ ಕೂಡ ಅದರೊಳಗೆ ಬರುತ್ತವೆ. '100 ಆತ್ಮ' ಮತ್ತು 'ಉಚಿತ ಟ್ಯೂಷನ್' ಒಂದೇ ವಾಕ್ಯದಲ್ಲಿ, ಅದೂ ನಡುವೆ 'ಅದಕ್ಕಾಗಿ' ಸೇರಿಸಿ ಬರೆದರೆ ದೂರುದಾರನ ಕೆಲಸ ನೀವೇ ಮುಗಿಸಿಕೊಟ್ಟಂತೆ. ಆಮಿಷ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಮತಾಂತರ ಮಾಡಿಸಿದವರ ಮೇಲೆಯೇ ಇದೆ. ದೂರು ಕೊಡುವುದಕ್ಕೆ ಸ್ವತಃ ಆ ವ್ಯಕ್ತಿಯೇ ಬರಬೇಕಿಲ್ಲ. ತಂದೆ-ತಾಯಿ, ಒಡಹುಟ್ಟಿದವರು, ಬಂಧುಗಳು, ಸಹೋದ್ಯೋಗಿ, ಇವರಲ್ಲಿ ಯಾರಾದರೂ ಕೊಡಬಹುದು.

ಸೇವೆಯ ಠರಾವು ಬೇರೆ, ಸುವಾರ್ತೆಯ ಠರಾವು ಬೇರೆ ಮಾಡಿ. ಸಮಿತಿ, ಖಾತೆ, ರಸೀದಿ ಪುಸ್ತಕವೂ ಬೇರೆ ಇರಲಿ. ಶಿಬಿರದ ದಿನ ಕರಪತ್ರ ಹಂಚಬೇಡಿ. ಇದು ಬರೀ ಕಾನೂನಿಗೆ ಅಂಜಿ ಹೇಳುವ ಮಾತಲ್ಲ, ಔಷಧಿಗೆ ಬಂದವನ ಕೈಗೆ ಕರಪತ್ರ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಮೂರನೆಯದು ಘೋಷಣೆ, ಠರಾವಲ್ಲ. ಅಲ್ಲಿ ಕ್ರಮ ಬರೆಯಿರಿ. ದೀಕ್ಷಾಸ್ನಾನದಿಂದ ಮತಾಂತರವಾಗುವವರು ಕನಿಷ್ಠ 30 ದಿನ ಮೊದಲು ನಮೂನೆ-1, ನಡೆಸಿಕೊಡುವ ಪಾಸ್ಟರ್ ನಮೂನೆ-2 ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಆಕ್ಷೇಪಣೆಗೆ 30 ದಿನ ಅವಕಾಶ ಇರುತ್ತದೆ. ಆಮೇಲೆ, ಮತಾಂತರವಾದ 30 ದಿನದೊಳಗೆ ನಮೂನೆ-3. ಬಹಳ ಕಡೆ ಮರೆಯುವುದು ಈ ಮೂರನೆಯದನ್ನೇ. 2023ರ ಜೂನ್‌ನಲ್ಲಿ ಕಾಯ್ದೆ ರದ್ದು ಮಾಡುವ ನಿರ್ಧಾರ ಸಂಪುಟದಲ್ಲಿ ಆಯಿತು ಎಂದು ಕೆಲವರು ಹೇಳುತ್ತಾರೆ. ಸಂಪುಟ ನಿರ್ಧರಿಸಿದ ಮಾತ್ರಕ್ಕೆ ಕಾಯ್ದೆ ರದ್ದಾಗುವುದಿಲ್ಲ. ದೀಕ್ಷಾಸ್ನಾನದ ದಿನ ಗೊತ್ತುಮಾಡುವ ಮೊದಲು ವಕೀಲರನ್ನು ಕೇಳಿ.

ಬಯಲಿನ ಸಭೆ ಇದ್ದರೆ ಧ್ವನಿವರ್ಧಕಕ್ಕೆ ಲಿಖಿತ ಪರವಾನಗಿ ಬೇಕು, ರಾತ್ರಿ 10ಕ್ಕೆ ಬಂದ್.

ಬೆಟಗೇರಿ_ಆಫ್‌ಸೆಟ್

36 ಪುಟ ಯಾಕ್ರೀ? ಡೆಮಿ 1/8 ಸೈಜಿನಾಗ ಒಂದು ಶೀಟಿಗೆ 16 ಪುಟ ಕೂಡ್ತಾವ. 32 ಪುಟ ಅಂದ್ರ ಪ್ರತಿಗೆ ಎರಡು ಶೀಟು, 1,000 ಪ್ರತಿಗೆ 2,000 ಶೀಟು, ಅಂದ್ರ ನಾಲ್ಕು ರೀಮು. ಮ್ಯಾಲೆ ಹಾಳಾಗೋದಕ್ಕ ನೂರಕ್ಕ ಐದು ಹಿಡೀರಿ. 36 ಮಾಡಿದ್ರ ಆ ನಾಲ್ಕು ಪುಟದ ಸಲುವಾಗಿ ಬ್ಯಾರೆ ಪ್ಲೇಟು, ಬ್ಯಾರೆ ಮಡಿಕಿ. ಮುನ್ನುಡಿ ಸಣ್ಣದು ಮಾಡ್ರಿ, ತಾನ ಕೂಡ್ತದ. ಕವರಿಗೆ ಪ್ರತಿಗೆ ಕಾಲು ಶೀಟು, ಅಂದ್ರ 250 ಶೀಟು. ಬೈಂಡಿಂಗಿಗೆ ಸೆಂಟರ್ ಪಿನ್ ಸಾಕು.

ಖರೇ ತ್ರಾಸು ಅಕ್ಷರದಾಗ. ಹಳೇ ನುಡಿ ಫಾಂಟಿನ ಬರಹ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಜಾಗ ತಪ್ಪತದ. ನಿಮ್ಮ ಪುಸ್ತಿಕೆದಾಗ 'ಸುವಾರ್ತೆ', 'ಕರ್ತನು', 'ಧರ್ಮ' ಸಾಲಿಗೊಂದು ಇರ್ತಾವ, ಆ ಮೂರು ಶಬ್ದ ಹುಡುಕಿ ಒಂದೊಂದ ನೋಡ್ರಿ. ಇನ್‌ಡಿಸೈನ್‌ನಾಗ (ಪುಟ ಜೋಡಿಸೋ ಸಾಫ್ಟ್‌ವೇರ್) ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಹಚ್ಚದಿದ್ರ ಒತ್ತು ಕೆಳಗ ಕೂಡೂದಿಲ್ಲ, ಬಾಜೂಕ ಬಂದು ನಿಲ್ತದ. ಪ್ರೂಫ್ ಮೊಬೈಲಿನ್ಯಾಗ ನೋಡಬ್ಯಾಡ್ರಿ, ಕಾಗದದ ಮ್ಯಾಲೆ ತೆಗೆಸ್ರಿ.

ಇನ್ನ ಮಾಸಪತ್ರಿಕೆ. 2024ರ ಮಾರ್ಚ್ 1ರಿಂದ ಪತ್ರಿಕೆ ನೋಂದಣಿಯ ಹೊಸ ಕಾಯ್ದೆ ಬಂದೈತಿ, ನೋಂದಣಿ ಪ್ರೆಸ್ ಸೇವಾ ಪೋರ್ಟಲ್‌ನಾಗ. ಪುಸ್ತಿಕೆಗೆ ಈ ನೋಂದಣಿ ಬೇಕಿಲ್ಲ, ನಿಯತಕಾಲಿಕಕ್ಕ ಬೇಕು. ಆದ್ರ ಒಂದು ಗಂಟು ಐತಿ: ನೋಂದಾಯಿತ ಪತ್ರಿಕೆಯ ಸಂಪಾದಕ, ಮುದ್ರಕ, ಪ್ರಕಾಶಕ, ಮಾಲೀಕ ವಿದೇಶಿ ದೇಣಿಗಿ ತಗೊಳ್ಳಂಗಿಲ್ಲ, 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ನಿಯಂತ್ರಣ ಕಾಯ್ದೆ) 3ನೇ ಕಲಮು. ನಿಮ್ಮ ಟ್ರಸ್ಟಿಗೆ ಹೊರದೇಶದ ರೊಕ್ಕ ಬರ್ತಿದ್ರ ಅದ ಟ್ರಸ್ಟ್ ಹೆಸರಿನ್ಯಾಗ ಪತ್ರಿಕೆ ತರೋ ಮೊದಲ ಸಿಎ ಅವರನ್ನ ಕೇಳ್ರಿ. ನನ್ನ ಕೇಳಿದ್ರ ಮೊದಲನೇ ವರ್ಷ ನಾಲ್ಕು ಬ್ಯಾರೆ ಬ್ಯಾರೆ ಪುಸ್ತಿಕೆ ತರ್ರಿ, ಮಾಸಪತ್ರಿಕೆ ಬಿಡ್ರಿ.

ಭಾಷಾ ಬಗ್ಗೆನೂ ಒಂದು ಮಾತು. ಧಾರವಾಡದ ಉತ್ತಂಗಿ ಚನ್ನಪ್ಪನವರು ಪಾದ್ರಿ ಇದ್ದುಕೊಂಡ ಸರ್ವಜ್ಞನ ವಚನ ಕೂಡಿಸಿದ್ರು. ಆ ಊರಾಗ ಕೂತು ಅನುವಾದದ ವಾಸನಿ ಹೊಡಿಯೋ ಕರಪತ್ರ ಅಚ್ಚು ಹಾಕಬ್ಯಾಡ್ರಿ.

ಯಾಜಕಕಾಂಡ_11

ನಾಲ್ಕನೇ ಠರಾವಿಗೆ ಅಧಿಕಾರವೇ ಇಲ್ಲ. ಸದಸ್ಯತ್ವಕ್ಕೆ ಹೊಸ ಷರತ್ತು ಹಾಕುವ ಹಕ್ಕು ಅಡ್ವೆಂಟಿಸ್ಟರಲ್ಲಿ ಜನರಲ್ ಕಾನ್ಫರೆನ್ಸಿನ (ಜಗತ್ತಿನ ಎಲ್ಲ ಅಡ್ವೆಂಟಿಸ್ಟ್ ಸಭೆಗಳ ಮೇಲಿನ ಆಡಳಿತ ಸಂಸ್ಥೆ) ಅಧಿವೇಶನಕ್ಕೆ ಮಾತ್ರ. ಸಭೆಗೂ ಇಲ್ಲ, ಪಾಸ್ಟರಿಗೂ ಇಲ್ಲ. ಮೂಲ ನಂಬಿಕೆ 28, ಅದರಲ್ಲಿ 22ನೆಯದು ಹೇಳುವುದು ಅಶುದ್ಧ ಆಹಾರ, ಮದ್ಯ, ತಂಬಾಕು ಬಿಡಬೇಕೆಂದು. ಹಂದಿ, ಏಡಿ, ಸೀಗಡಿ, ಪೊರೆಯಿಲ್ಲದ ಮೀನು ಕೂಡದು. ಸಸ್ಯಾಹಾರ ಪ್ರೋತ್ಸಾಹದ ಮಾತು, ಕಡ್ಡಾಯವಲ್ಲ. "ಸಮ್ಮೇಳನದ ಪಂಕ್ತಿಯಲ್ಲಿ ಸಸ್ಯಾಹಾರ ಮಾತ್ರ" ಎಂದು ಬರೆಯಿರಿ, ಯಾರೂ ತಕರಾರು ತೆಗೆಯುವುದಿಲ್ಲ. ಗುಟಕಾ ಬಿಡಿಸುವ ಕೆಲಸಕ್ಕೆ ಬೇಕಾದರೆ ಬೇರೆ ಠರಾವು ಮಾಡಿ, ನಮ್ಮ ಕಡೆ ಅದೇ ದೊಡ್ಡ ಪಿಡುಗು.

ಕಡಕ್_ರೊಟ್ಟಿ

ಶನಿವಾರದ ಊಟಕ್ಕ ನಮ್ಮ ಭಾಗಕ್ಕಿಂತ ಅನುಕೂಲದ ಜಾಗ ಇಲ್ಲ. ಕಡಕ್ ರೊಟ್ಟಿ ಬುಧವಾರ-ಗುರುವಾರನ ಮಾಡಿಸಿಡ್ರಿ. ತೆಳ್ಳಗ ಬಡಿದ್ರ ಕಿಲೋ ಹಿಟ್ಟಿಗೆ ಸುಮಾರು 15 ರೊಟ್ಟಿ. ಒಬ್ಬರಿಗೆ ಮೂರು ಹಿಡಿದ್ರ 750, ಅಂದ್ರ 50 ಕಿಲೋ ಹಿಟ್ಟು. ಒಡಿಯೋದೂ ಇರ್ತದ, 55 ಅನ್ರಿ. ಹಿಟ್ಟು ಹೊಸದಿರಲಿ, ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ಬಡಿಯೂಮುಂದ ಅಂಚು ಸೀಳತದ.

ಕೆಡೋದು ಇಲ್ಲೆ: ಬಿಸಿ ಇದ್ದಾಗ ಒಂದರ ಮ್ಯಾಲೊಂದು ಪೇರಿಸಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ರ ಉಗಿ ಹಿಡಿದು ಮೆತ್ತಗಾಗಿ ಬೂಸ್ಟು ಬರ್ತದ. ಪೂರಾ ಆರಿಸಿ, ಒಣಗಿದ ಅರಿವಿ ಹಾಸಿದ ಬುಟ್ಟಿದಾಗ ನಿಲ್ಲಿಸಿ ಇಡ್ರಿ.

ಶುಕ್ರವಾರ ಮಾಡಿದ ಎಣಗಾಯಿ ಶನಿವಾರ ಮಧ್ಯಾಹ್ನಕ್ಕ ಬಡಿಸಬ್ಯಾಡ್ರಿ, ಫ್ರಿಜ್ ಇಲ್ಲದ ಅದು ತಡಿಯೂದಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ ಎರಡೂ ಕೂಡಿ 4 ಕಿಲೋ, ಮೊಸರು 25 ಲೀಟರ್, ಮೊಳಕಿ ಹೆಸರಕಾಳು, ಹಸಿ ಮೂಲಂಗಿ, ಹಕ್ಕರಕಿ ಸೊಪ್ಪು. ಸೊಪ್ಪು ಶುಕ್ರವಾರನ ತೊಳೆದು ನೀರು ಇಳಿಸಿಡ್ರಿ. ಚಹಾ ಬ್ಯಾಡ ಅನ್ನೋರು ನೀವು. ಉಳಿದ ದಿನ ಕೊತ್ತಂಬರಿ-ಜೀರಿಗಿ ಕಷಾಯ ಕೊಡ್ರಿ.

ಠರಾವು_ಬುಕ್ (ಹುಬ್ಬಳ್ಳಿ)

ಉಪಕಾರ ಆತ್ರಿ. ಪುಸ್ತಿಕೆ 32 ಪುಟಕ್ಕ ಇಳಿಸಿ, ಮಾಸಪತ್ರಿಕೆ ಕೈಬಿಟ್ಟು, ಸೇವೆ-ಸುವಾರ್ತೆ ಬ್ಯಾರೆ ಮಾಡ್ತೀವಿ. ಠರಾವಿಗೆ ಮತ ಶನಿವಾರ ಸಂಜಿ 5ಕ್ಕ ಇಟ್ಟೇವಿ, ಎಲ್ಲಾರೂ ಇರ್ತಾರ.

ಯಾಜಕಕಾಂಡ_11

5ಕ್ಕೆ ಇನ್ನೂ ಸಬ್ಬತ್ ಮುಗಿದಿರುವುದಿಲ್ಲ. ಲೆಕ್ಕಪತ್ರ, ಮತ ಎಲ್ಲ ಶುಕ್ರವಾರ ಮಧ್ಯಾಹ್ನದೊಳಗೆ ಮುಗಿಸಿ, ಇಲ್ಲವೇ ರವಿವಾರ ಬೆಳಿಗ್ಗೆಗೆ ಇಡಿ. ಹಾವೇರಿಯವರು ರವಿವಾರ ಬೇಗ ಹೊರಡುವವರಾದರೆ ಶುಕ್ರವಾರವೇ ಒಳ್ಳೆಯದು.