ಕಿಟ್ ಲೆನ್ಸ್ ಆಯ್ತು, ಮುಂದೆ ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ನವನು. ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55 ಒಂದೇ ಲೆನ್ಸ್. ಕೋಟೆ, ಅಷ್ಟೂರಿನ ಗುಂಬಜ್‌ಗಳು, ಬಿದ್ರಿ ಕೆಲಸ, ಇವುಗಳ ಫೋಟೋನೇ ಜಾಸ್ತಿ. 50 ಎಂಎಂ ಎಫ್/1.8, 10-18, 55-250, ಈ ಮೂರರಲ್ಲಿ ಒಂದೇ ಕೊಳ್ಳೋಕಾಗೋದು. ಬಳಸಿದವರು ಹೇಳಿ.

*

ಎಲ್ಲರೂ ಮೊದಲು 50 ತಗೋ ಅಂತಾರೆ. ಒಳ್ಳೆ ಲೆನ್ಸೇ. ಆದರೆ ನಿಮಗೆ ನಾನು 10-18 ಹೇಳ್ತೀನಿ, ಎಂಎಂ ಕಡಿಮೆಯಾದಷ್ಟು ಅಗಲ ಕಾಣುತ್ತೆ.

ಅಷ್ಟೂರಿನ ಅಹ್ಮದ್ ಶಾ ವಲಿ ಗುಂಬಜ್ ಒಳಗೆ ಹೋಗಿದ್ದೀರಲ್ಲ. ಗೋಡೆ, ಛಾವಣಿ ತುಂಬ ಚಿತ್ತಾರ, ಆದರೆ ಕತ್ತಲು. ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದಾಗಲೇ ಆ ಕೆಂಪು, ಚಿನ್ನದ ಬಣ್ಣ ಎದ್ದು ಕಾಣೋದು. ಅಲ್ಲಿ 50 ಹಾಕಿಕೊಂಡು ಗೋಡೆಗೆ ಬೆನ್ನು ತಾಗಿಸಿ ನಿಂತರೂ ಛಾವಣಿ ಪೂರ್ತಿ ಫ್ರೇಮಿಗೆ ಬರಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ದೊಡ್ಡ (ಫುಲ್ ಫ್ರೇಮ್) ಸೆನ್ಸರ್‌ನ ಲೆಕ್ಕಕ್ಕೆ ತರಲು ಎಂಎಂ ಅನ್ನು 1.6ರಿಂದ ಗುಣಿಸಬೇಕು. 50 ಇದ್ದದ್ದು 80 ಆಗುತ್ತೆ, ಕಿಟ್‌ನ 18 ಸುಮಾರು 29 ಆಗುತ್ತೆ. 10 ಹಾಕಿದರೆ 16.

ಕತ್ತಲಿಗೆ ಹೆಚ್ಚು ಬೆಳಕು ಬಿಡೋ ಎಫ್/1.8 ಬೇಕಲ್ವಾ ಅಂದರೆ, ಕತ್ತಲಲ್ಲಿರೋದು ಅಲುಗುತ್ತದೋ ಇಲ್ಲವೋ ಅಂತ ಮೊದಲು ನೋಡ್ರಿ. ಗೋಡೆ ಅಲುಗಲ್ಲ. 10-18ರಲ್ಲಿ ಐಎಸ್, ಅಂದರೆ ಕೈ ನಡುಕ ಸರಿದೂಗಿಸೋ ವ್ಯವಸ್ಥೆ, ಇದೆ. ಉಸಿರು ಬಿಗಿಹಿಡಿದು ನಿಂತರೆ 1/8 ಸೆಕೆಂಡಿನಲ್ಲೂ ಚೊಕ್ಕ ಫೋಟೋ ಸಿಗುತ್ತೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ಇದು ತುಂಬಾ ಅನುಕೂಲ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಆ ಬಣ್ಣ ಉಳಿಯಬೇಕು.

*

ಗೋಡೆ ಅಲುಗಲ್ಲ, ಸರಿ. ಬಿದ್ರಿ ಕೆಲಸಗಾರರ ಕೈ? ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಸುತ್ತಿಗೆಯಲ್ಲಿ ತಟ್ಟುವಾಗ ಒಂದು ಕ್ಷಣವೂ ನಿಲ್ಲಲ್ಲ. ಐಎಸ್ ನಮ್ಮ ಕೈ ನಡುಕ ತಡೆಯುತ್ತೆ, ಅವರ ಕೈ ಓಟವನ್ನಲ್ಲ. ಕಿಟ್ ಲೆನ್ಸ್ 55ರಲ್ಲಿ ಎಫ್/5.6. ಅದಕ್ಕಿಂತ ಎಫ್/1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಬರುತ್ತೆ. 1/20ರಲ್ಲಿ ತೆಗೆಯುತ್ತಿದ್ದದ್ದನ್ನು 1/200ರಲ್ಲಿ ತೆಗೀಬಹುದು. ಜನರ ಫೋಟೋ ಬೇಕಿದ್ದರೆ 50ನೇ.

ಆದರೆ ಮುಗಿದ ಹೂಜಿ, ತಟ್ಟೆಯ ಕುಸುರಿಗೆ ಹೊಸ ಲೆನ್ಸ್ ಬೇಕಿಲ್ಲ. ಕಿಟ್ 25 ಸೆಂ.ಮೀ. ಹತ್ತಿರಕ್ಕೆ ಫೋಕಸ್ ಆಗುತ್ತೆ, 50ಕ್ಕೆ 35 ಸೆಂ.ಮೀ. ದೂರ ಬೇಕು. ಕಿಟಕಿ ಬೆಳಕಲ್ಲಿಟ್ಟು ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ. ಇಲ್ಲದಿದ್ದರೆ ಕಪ್ಪು ಲೋಹ ಬೂದು ಬಣ್ಣವಾಗಿ, ಬೆಳ್ಳಿ ಬಿಳಿಚಿಕೊಳ್ಳುತ್ತೆ.

*

ಯಾದಗಿರಿಯಿಂದ. 55-250 ಸದ್ಯಕ್ಕೆ ಬಿಡಿ. ಬೋನಾಳ ಕೆರೆಯ ಹಕ್ಕಿಗಳಿಗೆ ನನಗೆ 250 ಸಾಲಲಿಲ್ಲ, ನಿಮ್ಮ ಕಟ್ಟಡಗಳಿಗೆ ಅಷ್ಟು ಬೇಕಿಲ್ಲ.

*

ನಾನು ಕಲಬುರಗಿಯವನು. ತಮ್ಮಾ, ನಿನ್ನ ಹಳೆ ಫೋಟೋಗಳನ್ನೇ ಕಂಪ್ಯೂಟರಿನಲ್ಲಿ ತೆಗೆದು ನೋಡು. ಪ್ರತಿ ಫೋಟೋದ ವಿವರದಲ್ಲಿ ಎಷ್ಟು ಎಂಎಂ ಅಂತ ಇರುತ್ತೆ. ನಿನಗೆ ಇಷ್ಟವಾದವುಗಳಲ್ಲಿ 18 ಜಾಸ್ತಿ ಇದ್ದರೆ ಅಗಲ ಸಾಲುತ್ತಿಲ್ಲ ಅಂತ ಅರ್ಥ. ನನಗೆ ಹಾಗೇ ಆಯ್ತು. ಇಲ್ಲಿನ ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಛಾವಣಿ. ಒಳಗಿನ ಕಮಾನುಗಳ ಸಾಲು 18ರಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು.

ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡು, ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡು. ಕೊಳ್ಳುವ ಮೊದಲು ಈ ಕಡೆ ಬಂದರೆ ನನ್ನ 10-18 ಹಾಕಿ ನೋಡಬಹುದು, ಕ್ಯಾಮೆರಾ ತಗೊಂಡು ಬಾ.