ಪ್ರಶ್ನೋತ್ತರ: ಬಿ.ಎಸ್ಸಿ. ಭೌತಶಾಸ್ತ್ರಕ್ಕೆ ಗಣಿತ ಬೇಕೇ?

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಭೌತಶಾಸ್ತ್ರದಲ್ಲಿ 91, ಗಣಿತದಲ್ಲಿ 64 ಅಂಕ ಬಂದಿವೆ. ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಬೇಕೆಂದಿದ್ದೇನೆ. ಭೌತಶಾಸ್ತ್ರದ ಜೊತೆಗೆ ಗಣಿತದ ಬದಲು ಬೇರೆ ವಿಷಯ ತೆಗೆದುಕೊಂಡರೆ ನಡೆಯುತ್ತದೆಯೇ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ಕಾಲೇಜು ಅವಕಾಶ ಕೊಟ್ಟರೂ ಗಣಿತವನ್ನು ಬಿಡಬೇಡಿ. ಪಿಯುಸಿಯಲ್ಲಿ ಸರಳ ಲೋಲಕದ ಸೂತ್ರವನ್ನು ಕೊಟ್ಟು ಲೆಕ್ಕ ಮಾಡಿಸುತ್ತಾರೆ. ಪದವಿಯಲ್ಲಿ ಆ ಸೂತ್ರವನ್ನು ಅವಕಲ ಸಮೀಕರಣದಿಂದ (ಡಿಫರೆನ್ಷಿಯಲ್ ಈಕ್ವೇಶನ್) ನೀವೇ ಪಡೆಯಬೇಕು. ಆಗ ಕೋನದ ಸೈನ್ ಇದ್ದ ಜಾಗದಲ್ಲಿ ಕೋನವನ್ನೇ ಇಟ್ಟದ್ದೇಕೆ ಎಂಬುದು ತಿಳಿಯುತ್ತದೆ, ಲೋಲಕವನ್ನು 60 ಡಿಗ್ರಿಯವರೆಗೆ ಎಳೆದು ಬಿಟ್ಟರೆ ಆವರ್ತಕಾಲವು (ಒಂದು ಪೂರ್ಣ ಆಂದೋಲನಕ್ಕೆ ಹಿಡಿಯುವ ಸಮಯ) ಆ ಸೂತ್ರ ಹೇಳುವುದಕ್ಕಿಂತ ಸುಮಾರು ಶೇ. 7ರಷ್ಟು ಹೆಚ್ಚಾಗುತ್ತದೆ ಎಂಬುದೂ ತಿಳಿಯುತ್ತದೆ. ಕ್ವಾಂಟಂ ಯಂತ್ರಶಾಸ್ತ್ರಕ್ಕೆ ಬರುವ ಹೊತ್ತಿಗೆ ಮ್ಯಾಟ್ರಿಕ್ಸ್ ಮತ್ತು ಅವಕಲ ಸಮೀಕರಣಗಳೇ ಪಾಠದ ಭಾಷೆಯಾಗಿರುತ್ತವೆ. 64 ಅಂಕದ ಬಗ್ಗೆ ನನಗೆ ಆತಂಕವಿಲ್ಲ. ಸೇರುವ ಮುನ್ನ ಕಲನಶಾಸ್ತ್ರದ ಅಧ್ಯಾಯಗಳನ್ನು ಇನ್ನೊಮ್ಮೆ, ಉತ್ತರ ನೋಡದೆ, ಬಿಡಿಸಿ. ಭಾಷೆಯ ತೊಡಕು ಸಾಮಾನ್ಯವಾಗಿ ಮೊದಲ ಸೆಮಿಸ್ಟರಿನದು. ವೇಗೋತ್ಕರ್ಷವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳು ತರಗತಿಯಲ್ಲಿ ‘ಆಕ್ಸಿಲರೇಷನ್’ ಕೇಳಿ ಸುಮ್ಮನಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ, ಆದರೆ ಅವರು ವಿಷಯದಲ್ಲಿ ಹಿಂದುಳಿದವರಲ್ಲ.

ಪ್ರಶ್ನೆ (ಒಬ್ಬ ಪೋಷಕರು): ನನ್ನ ಮಗ ಎರಡನೆಯ ವರ್ಷದಲ್ಲಿದ್ದಾನೆ. ಲ್ಯಾಬಿನಲ್ಲಿ ಉಪಕರಣಗಳು ಹಳೆಯವಾದ್ದರಿಂದ ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆಯುತ್ತಾರಂತೆ. ಥಿಯರಿ ಗಟ್ಟಿಯಿದ್ದರೆ ಸಾಲದೇ?

ಉತ್ತರ: ಸಾಲದು, ಮತ್ತು ಹಳೆಯ ಉಪಕರಣ ಅದಕ್ಕೆ ನೆಪವಾಗಬಾರದು. ಒಂದು ಮೀಟರ್ ಉದ್ದದ ಲೋಲಕದ ಆವರ್ತಕಾಲ ಸುಮಾರು 2 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ತಪ್ಪಿದರೆ ಒಂದೇ ಆಂದೋಲನದ ಅಳತೆಯಲ್ಲಿ ಶೇ. 10ರಷ್ಟು ದೋಷ ಬರುತ್ತದೆ. 20 ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದೇ ಬೆರಳಿನ ದೋಷ ಶೇ. 0.5ಕ್ಕೆ ಇಳಿಯುತ್ತದೆ. ಗುರುತ್ವ ವೇಗೋತ್ಕರ್ಷದ ಲೆಕ್ಕದಲ್ಲಿ ಕಾಲದ ವರ್ಗವಿರುವುದರಿಂದ ಈ ದೋಷ ಅಲ್ಲಿ ಇಮ್ಮಡಿಯಾಗುತ್ತದೆ. ದಾರ, ಕಬ್ಬಿಣದ ಗುಂಡು ಮತ್ತು ಒಂದು ಗಡಿಯಾರದಿಂದ ಕಲಿಯಬಹುದಾದ ಈ ಪಾಠ, ಪುಸ್ತಕದಲ್ಲಿರುವ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರುವಂತೆ ಹಿಂದಿನಿಂದ ರೀಡಿಂಗ್ ಹೊಂದಿಸಿದವನಿಗೆ ಸಿಗುವುದಿಲ್ಲ. ಪರೀಕ್ಷಕನಾಗಿ ಹೇಳುವುದಾದರೆ, 9.5 ಬರೆದು ಕಾರಣ ವಿವರಿಸಿದ ವಿದ್ಯಾರ್ಥಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಎಲ್ಲರೂ ಹಾಗೆ ಮಾಡುತ್ತಾರೆಂದು ಭರವಸೆ ಕೊಡಲಾರೆ.

ಪ್ರಶ್ನೆ (ಮೊದಲಿನವರು): ಗಣಿತ ತೆಗೆದುಕೊಳ್ಳುತ್ತೇನೆ. ತಾಲ್ಲೂಕು ಕಾಲೇಜಿನಿಂದ ಮುಂದೆ ದೊಡ್ಡ ಸಂಸ್ಥೆಗೆ ಹೋಗಲು ದಾರಿಯಿದೆಯೇ?

ಉತ್ತರ: ಇದೆ. ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಯ ಮೂಲಕ ಅಲ್ಲಿನ ಎಂ.ಎಸ್ಸಿ.ಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಪ್ರವೇಶ ಪಡೆಯಬಹುದು. ರಾಜ್ಯದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಈ ಪರೀಕ್ಷೆಗೆ ಅದು ಅಡ್ಡಿಯಲ್ಲ. ಎರಡನೆಯ ವರ್ಷದಿಂದಲೇ ಅದರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ತೊಡಗಿ, ಏಕೆಂದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರಗಳ ವ್ಯುತ್ಪತ್ತಿಗಳು (ಡಿರೈವೇಶನ್) ಅಲ್ಲಿ ಒಂದು ಪುಟವೂ ನಡೆಯುವುದಿಲ್ಲ. ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ. ಅದರಲ್ಲಿ ನೀವೇ ಬರೆಯಬೇಕಾದ ಟಿಪ್ಪಣಿಯನ್ನು ಅಂತರ್ಜಾಲದಿಂದ ಎತ್ತಬೇಡಿ. ನೀವು ಲ್ಯಾಬಿನಲ್ಲಿ ಸ್ವತಃ ಅಳೆದ ಒಂದು ಪ್ರಯೋಗದ ಬಗ್ಗೆ ಬರೆಯಿರಿ.