ಪದ ಬೇಕು: ಐಆರ್‌ಎ ಖಾತೆಯಿಂದ ನೇರವಾಗಿ ಕೊಡುವ ದಾನಕ್ಕೆ ಏನನ್ನೋಣ?

ನ್ಯೂಜೆರ್ಸಿಯಿಂದ:
ಇಲ್ಲಿನ ಕನ್ನಡ ಕೂಟದ ಹಿರಿಯರಿಗೆ ಒಂದು ಪುಟದ ಕರಪತ್ರ ಮಾಡುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ‘ಕ್ವಾಲಿಫೈಡ್ ಚಾರಿಟಬಲ್ ಡಿಸ್ಟ್ರಿಬ್ಯೂಷನ್’ಗೆ ಕನ್ನಡ ಬೇಕು. ವಿಷಯ ಇಷ್ಟೆ: 70½ ವರ್ಷ ತುಂಬಿದವರು, ಅಮೆರಿಕದಲ್ಲಿ ನಿವೃತ್ತಿಗೆಂದು ತಾವೇ ತೆರೆದ ಐಆರ್‌ಎ ಖಾತೆಯಿಂದ ಧರ್ಮಸಂಸ್ಥೆಗೆ ನೇರವಾಗಿ ಹಣ ಕಳಿಸಬಹುದು. ಆ ಹಣ ವರಮಾನಕ್ಕೆ ಸೇರುವುದಿಲ್ಲ. ಆದರೂ 73ನೇ ವಯಸ್ಸಿನಿಂದ ಆ ಖಾತೆಯಿಂದ ವರ್ಷವರ್ಷ ತೆಗೆಯಲೇಬೇಕಾದ ಮೊತ್ತದಲ್ಲಿ ಲೆಕ್ಕಕ್ಕೆ ಬರುತ್ತದೆ. 2025ರ ಮಿತಿ 1,08,000 ಡಾಲರ್. ‘ಅರ್ಹ ದಾನ ವಿತರಣೆ’ ಅಂತ ಬರೆದಿದ್ದೆ. ಓದಿದವರೊಬ್ಬರು ‘ಏನು ಹಂಚ್ತಾರೆ, ಸೀರೆನಾ?’ ಅಂದರು.

ಮೈಸೂರಿನಿಂದ:
ಹೊಸ ಪದ ಯಾಕೆ? ‘ಸರ್ವಮಾನ್ಯ’ ಅನ್ನಿ. ಶಾಸನಗಳಲ್ಲಿ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಭೂಮಿಗೆ ಇದೇ ಹೆಸರು.

ಧಾರವಾಡದಿಂದ:
ಆಗಲ್ಲ. ಸರ್ವಮಾನ್ಯದಲ್ಲಿ ತೆರಿಗೆ ತಪ್ಪುವುದು ಪಡೆದವನಿಗೆ. ಇಲ್ಲಿ ತಪ್ಪುವುದು ಕೊಟ್ಟವನಿಗೆ. ಇವತ್ತು ಆ ಪದ ಓದಿದವರು ‘ಎಲ್ಲರೂ ಒಪ್ಪಿದ್ದು’ ಅಂತಲೇ ತಿಳಿಯುತ್ತಾರೆ. ‘ಕೊಡುಗೆ’ ಇದೆಯಲ್ಲ. ತೆರು–ತೆರಿಗೆ, ಕೊಡು–ಕೊಡುಗೆ, ಒಂದೇ ಅಚ್ಚು. ನೆತ್ತರುಗೊಡಗೆ (ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ), ಕೆರೆಗೊಡಗೆ (ಕೆರೆಗಾಗಿ ಕೊಟ್ಟ ಭೂಮಿ) ಅಂತ ಕಲ್ಲಿನ ಮೇಲೆ ಕೆತ್ತಿದವರು ನಾವು. ದಾನ, ವಿತರಣೆ ಎರಡೂ ಸಂಸ್ಕೃತದ ಸಾಲ. ಖಾತೆಯೂ ಬೇಡ. ‘ಇಡುಗಂಟಿನ ಕೊಡುಗೆ’ ಅನ್ನಿ.

ಡಲ್ಲಾಸ್‌ನಿಂದ:
ಇಡುಗಂಟು ಅಂದರೆ ಒಟ್ಟಿಗೆ ಕೈಗೆ ಬರುವ ಹಣ ಅಂತ ತಿಳಿದುಬಿಡುತ್ತಾರೆ. ಇದು ಹಾಗಲ್ಲ. ನಾನು ಇಲ್ಲಿ ತೆರಿಗೆ ಲೆಕ್ಕ ನೋಡುವವನು, ಸ್ವಲ್ಪ ಕೇಳಿ. ‘ನೇರ’ ಅನ್ನೋದೇ ಇದರ ಜೀವ, ಅದನ್ನು ಬಿಡಬೇಡಿ. ಹಣ ಒಮ್ಮೆ ನಿಮ್ಮ ಬ್ಯಾಂಕಿಗೆ ಬಂದು, ಆಮೇಲೆ ನೀವು ಚೆಕ್ ಬರೆದರೆ ಆಟ ಮುಗೀತು. ಐಆರ್‌ಎಯಿಂದ ಹೊರಡುವ ಚೆಕ್ಕಿನಲ್ಲೇ ಸಂಸ್ಥೆಯ ಹೆಸರಿರಬೇಕು. ಸಂಸ್ಥೆಯ ಔತಣಕೂಟದ ಟಿಕೆಟ್ ಕೊಳ್ಳಲೂ ಆಗಲ್ಲ. ‘ಧರ್ಮಸಂಸ್ಥೆ’ ಕೂಡ ಅಪಾಯ. ಓದಿದವರು ಊರಿನ ಮಠಕ್ಕೆ ಕಳಿಸಿಬಿಡುತ್ತಾರೆ. ಅಮೆರಿಕದ 501(ಸಿ)(3) ಸಂಸ್ಥೆಯೇ, ಅಂದರೆ ಅಲ್ಲಿನ ಕಾನೂನಿನಲ್ಲಿ ತೆರಿಗೆ ವಿನಾಯಿತಿ ಇರುವ ದಾನಸಂಸ್ಥೆಯೇ ಆಗಬೇಕು. ಇನ್ನು ಸುಮ್ನೆ ‘ನಿವೃತ್ತಿ ಖಾತೆ’ ಅಂತಲೂ ಹಾಕಬೇಡಿ. ಕೆಲಸ ಕೊಟ್ಟವರ ಮೂಲಕ ಇರುವ ನಿವೃತ್ತಿ ಖಾತೆ 401(ಕೆ)ಯಿಂದ ಇದನ್ನು ಮಾಡಲಾಗದು. ‘ಐಆರ್‌ಎ’ ಅಂತಲೇ ಇರಲಿ.

ಧಾರವಾಡದಿಂದ:
ಐಆರ್‌ಎ, ಚೆಕ್, ಟಿಕೆಟ್. ಕರಪತ್ರ ಇಂಗ್ಲಿಷಿನಲ್ಲೇ ಮಾಡಿ, ಮುಗೀತಲ್ಲ.

ಮೈಸೂರಿನಿಂದ:
ಹಾಗಾದರೆ ಜಮಾ, ಬಾಕಿ, ವಸೂಲಿ ಕೂಡ ಬಿಡಿ ಸ್ವಾಮಿ. ಎಲ್ಲ ಅರಬಿಯವು. ನಾಳೆ ಕಿರಾಣಿ ಅಂಗಡಿಯವನು ಬಾಕಿ ಎಷ್ಟು ಅಂದರೆ ಏನು ಹೇಳುತ್ತೀರಿ?

ಧಾರವಾಡದಿಂದ:
ಉಳಿಕೆ. ನನ್ನ ಹತ್ತಿರ ಪದ ಇದೆ.

ಡಲ್ಲಾಸ್‌ನಿಂದ:
ಎಂಬತ್ತರ ಅಜ್ಜಿಗೆ ಬೇಕಾದದ್ದು ಮೆಡಿಕೇರ್ (ಹಿರಿಯರಿಗೆ ಸರ್ಕಾರದ ಆರೋಗ್ಯವಿಮೆ) ಪ್ರೀಮಿಯಂ ಜಾಸ್ತಿ ಆಗದಿರುವುದು. ವರಮಾನ ಕಡಿಮೆ ಕಂಡರೆ ಅದಕ್ಕೂ ಅನುಕೂಲ. ಅದನ್ನು ಅವರಿಗೆ ತಿಳಿಯೋ ಹಾಗೆ ಒಂದು ಸಾಲು ಬರೆಯಿರಿ. ಶಾಸನ ಆಮೇಲೆ ನೋಡೋಣ.

ನ್ಯೂಜೆರ್ಸಿಯಿಂದ:
ಆಯ್ತು. ‘ಐಆರ್‌ಎಯಿಂದ ನೇರ ಕೊಡುಗೆ’ ಅಂತ ದಪ್ಪಕ್ಷರದಲ್ಲಿ ಹಾಕುತ್ತೇನೆ. ಕೆಳಗೆ ಇಂಗ್ಲಿಷ್ ಹೆಸರು ಕನ್ನಡ ಲಿಪಿಯಲ್ಲಿ. ಫೋನ್ ಮಾಡಿದಾಗ ಅದನ್ನೇ ಹೇಳಬೇಕಲ್ವಾ. ವರ್ಷವರ್ಷ ತೆಗೆಯುವುದಕ್ಕೆ ‘ಕಡ್ಡಾಯ ಹಿಂಪಡೆತ’ ಅಂತ ಹಾಕಿದ್ದೇನೆ. ಅದರ ಚರ್ಚೆ ದಯವಿಟ್ಟು ಬೇಡ.

ಧಾರವಾಡದಿಂದ:
ಹಿಂಪಡೆಯುವುದು ಬೇರೆಯವರಿಗೆ ಕೊಟ್ಟದ್ದನ್ನು. ಇದು ತನ್ನದೇ ಹಣ. ‘ತೆಗೆತ’ ಸಾಕು.